ಮಾಮು ತಂದ ಏರ್‌ಗನ್

ಬೇಸಿಗೆ ರಜೆ ಶುರುವಾಗಿ ಒಂದು ವಾರ ಕಳೆದಿರಬಹುದು. ನುಗ್ಗೇಹಳ್ಳಿಯಿಂದ ತಂಗಿಯ ಫೋನ್ ಬಂತು. ಸಲಾಂ ಹೇಳಿ ಮುಗಿಸುವ ಮೊದಲೇ ಅವಳ ಧ್ವನಿ ಒಡೆಯಿತು. ಅವಳ ಅತ್ತೆ ಕೆಲವು ದಿನಗಳಿಂದ ಹಾಸಿಗೆ ಹಿಡಿದಿದ್ದರು. ಅವರಿಗೇ ಏನೋ ಆಗಿರಬೇಕೆಂದು ನಾನು ಗಾಬರಿಯಾದೆ.

“ಅತ್ತೆ ಚೆನ್ನಾಗಿದ್ದಾರೆ ಆಪಾ. ನೀನು ಒಂದ್ಸಲ ಬಂದು ಹೋಗು. ನಿನ್ನ ಮುದ್ದಿನ ತಮ್ಮ ನನ್ನ ಮಗನ ಕೈಗೆ ಬಂದೂಕು ಕೊಟ್ಟು ಹೋಗಿದ್ದಾನೆ.”

ಮರುದಿನವೇ ಬಸ್ಸು ಹತ್ತಿದೆ. ಚನ್ನರಾಯಪಟ್ಟಣದಲ್ಲಿ ಇಳಿದು ಇನ್ನೊಂದು ಬಸ್ಸು. ನುಗ್ಗೇಹಳ್ಳಿಯ ಹೆಸರನ್ನು ನಮ್ಮ ಓದುಗರಲ್ಲಿ ಕೆಲವರು ಕೇಳಿರಬಹುದು. 1246ರಲ್ಲಿ ಹೊಯ್ಸಳರ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಅದರ ಶಿಲ್ಪ ನೋಡಲು ದೂರದಿಂದ ಜನ ಬರುತ್ತಾರೆ. ನನ್ನ ತಂಗಿಯ ಮನೆಯವರಿಗೆ ಮಾತ್ರ ತೆಂಗೇ ಬದುಕು. ಹಿತ್ತಲಿಗೆ ತಾಗಿಯೇ ತೋಟ. ಆ ತೋಟಕ್ಕೆ ಕೋತಿಗಳ ಕಾಟ. ಎಳನೀರು ಕಿತ್ತು, ತೂತು ಮಾಡಿ, ಎರಡು ಗುಟುಕು ಕುಡಿದು ಎಸೆಯುತ್ತವೆ. ಬೆಂಗಳೂರಿನಲ್ಲಿರುವ ನಮ್ಮ ತಮ್ಮ ಇದನ್ನು ನೋಡಿ, ಮುಂದಿನ ಸಲ ಬರುವಾಗ ಒಂದು ಏರ್‌ಗನ್ ಕೊಂಡು ತಂದ. ಭಾವನಿಗೆಂದು ತಂದದ್ದು. ಆದರೆ ಭಾವನಿಗೆ ಅದರ ಗೊಡವೆ ಬೇಡವಾಯಿತು. ಹನ್ನೆರಡು ವರ್ಷದ ಹುಡುಗನಿಗೆ ಬೇಕಾಯಿತು.

ಮೊದಲ ಮೂರು ದಿನ ಖಾಲಿ ಡಬ್ಬಗಳು ಬಿದ್ದವು. ನಾಲ್ಕನೆಯ ದಿನ ಕೋತಿಗಳ ಕಡೆ ಗುರಿ. ಅವು ಹಲ್ಲು ಕಿರಿದು ಪಕ್ಕದ ತೋಟಕ್ಕೆ ಹೋದವು. ಐದನೆಯ ದಿನ ಬಚ್ಚಲುಮನೆ ಪಕ್ಕದ ದಾಸವಾಳದ ಗಿಡದಲ್ಲಿ ಕೂತಿದ್ದ ಒಂದು ಹಕ್ಕಿ ಬಿತ್ತು. ಅದೇ ಸಂಜೆ ಕಲ್ಲಿನ ಕಾಂಪೌಂಡಿನ ಮೇಲಿಟ್ಟ ಡಬ್ಬಕ್ಕೆ ಹೊಡೆದ ಸೀಸದ ಗುಂಡು ಗೋಡೆಗೆ ತಾಗಿ ಹಿಂದಕ್ಕೆ ಸಿಡಿದು, ಪಕ್ಕದಲ್ಲಿ ನಿಂತಿದ್ದ ಎಂಟು ವರ್ಷದ ತಂಗಿಯ ಹುಬ್ಬಿಗೆ ಬಡಿಯಿತು. ಕಣ್ಣಿಗೂ ಗಾಯಕ್ಕೂ ಎರಡು ಬೆರಳಿನ ಅಂತರ. ಅಲ್‌ಹಮ್ದುಲಿಲ್ಲಾಹ್, ಎರಡು ಬೆರಳು!

ಅಳುವಿಗೆ ಕಾರಣ ಇದು. ನಾನು ಹೋದಾಗ ಹುಡುಗಿ ಹುಬ್ಬಿನ ಮೇಲೆ ಪ್ಲಾಸ್ಟರ್ ಅಂಟಿಸಿಕೊಂಡು ಹಾಯಾಗಿ ಆಡುತ್ತಿದ್ದಳು. ಹುಡುಗ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಏರ್‌ಗನ್ ಅಲಮಾರಿನ ಮೇಲೆ, ಹಾಸಿಗೆ ಬಟ್ಟೆಗಳ ಹಿಂದೆ.

ತಮ್ಮನಿಗೆ ಫೋನ್ ಮಾಡಿದೆ. “ಅದಕ್ಕೆ ಲೈಸೆನ್ಸೇ ಬೇಡ ಆಪಾ. ಅಂಗಡಿಯಲ್ಲಿ ನನ್ನ ಗುರುತಿನ ಚೀಟಿಯ ಜೆರಾಕ್ಸ್ ತಗೊಂಡು ಕೊಟ್ಟುಬಿಟ್ಟರು. ಆಟದ ಸಾಮಾನು ಅದು” ಎಂದ. ನಮ್ಮ ಮನೆಗಳಲ್ಲಿ ಆಗುವ ತಪ್ಪೆಲ್ಲ ಈ ಒಂದು ಮಾತಿನಲ್ಲಿದೆ. ಲೈಸೆನ್ಸ್ ಬೇಡ ಎಂಬ ಮಾತು ಅರ್ಧ ನಿಜ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಅಳತೆ 4.5 ಮಿಲಿಮೀಟರ್ ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಏರ್‌ಗನ್‌ಗೆ ಪರವಾನಗಿ ಬೇಡ. ಅದಕ್ಕಿಂತ ಹೆಚ್ಚಿನದಕ್ಕೆ ಬೇಕೇ ಬೇಕು. ಆದರೆ ಪರವಾನಗಿ ಬೇಡವಾದದ್ದೆಲ್ಲ ಆಟಿಕೆಯಾಗುವುದಿಲ್ಲ. ಮೆಟ್ಟುಗತ್ತಿಗೂ ಪರವಾನಗಿ ಬೇಡ. ಅದನ್ನು ನಾವು ಮಕ್ಕಳ ಕೈಗೆ ಕೊಟ್ಟು ಆಚೆ ಹೋಗುತ್ತೇವೆಯೇ?

ಏರ್‌ಗನ್‌ನಲ್ಲಿ ಮದ್ದು ಇರುವುದಿಲ್ಲ ಎಂಬುದೇ ಜನರಿಗೆ ಧೈರ್ಯ. ನಳಿಗೆಯನ್ನು ಮಡಚಿದಾಗ ಒಳಗಿನ ದಪ್ಪ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಕುದುರೆ ಎಳೆದೊಡನೆ ಸ್ಪ್ರಿಂಗ್ ಬಿಚ್ಚಿ, ಮುಂದಿನ ಗಾಳಿಯನ್ನು ಒಮ್ಮೆಲೇ ತಳ್ಳುತ್ತದೆ. ಆ ಗಾಳಿಯೇ ಸೀಸದ ಗುಂಡನ್ನು ಹಾರಿಸುವುದು. ಹೊಗೆಯಿಲ್ಲ, ದೊಡ್ಡ ಸದ್ದಿಲ್ಲ. ಆದರೆ ಕಣ್ಣಿಗೆ ತಾಗಿದರೆ ಕಣ್ಣು ಹೋದಂತೆಯೇ.

ಈ ಅಂಕಣದಲ್ಲಿ ಅಡುಗೆಮನೆ, ಮಕ್ಕಳ ಓದು, ಅತ್ತೆ-ಸೊಸೆಯರ ವಿಷಯ ಬರೆಯುವವಳಿಗೆ ಬಂದೂಕಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನಗೆ ಕುತೂಹಲ ಹುಟ್ಟಿದ್ದು ಬೇರೆ ಕಾರಣಕ್ಕೆ. ಬೈದರೂ, ಹೆದರಿಸಿದರೂ ಹುಡುಗನ ಕಣ್ಣು ಅಲಮಾರಿನ ಮೇಲೇ ಇತ್ತು. ಈ ಗೀಳು ಹತ್ತುವುದಾದರೂ ಹೇಗೆ? ಅಲ್ಲಿದ್ದ ನಾಲ್ಕು ದಿನ ಸಿಕ್ಕವರನ್ನೆಲ್ಲ ಕೇಳಿದೆ. ಭಾವನೇ ಹೇಳಿದರು: ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಬಲೂನಿಗೆ ಗುಂಡು ಹೊಡೆಯುವ ಅಂಗಡಿಯ ಮುಂದೆ ಕೈಲಿದ್ದ ದುಡ್ಡೆಲ್ಲ ಖರ್ಚು ಮಾಡಿ, ಬಸ್ಸಿಗೆ ಕಾಸಿಲ್ಲದೆ ನಡೆದು ಬಂದಿದ್ದರಂತೆ. ಆ ಬಂದೂಕಿನ ನಳಿಗೆ ಸೊಟ್ಟಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಒಂದು ಬಲೂನು ಒಡೆದರೆ ಇನ್ನೊಂದು ಒಡೆಯೋಣ ಎನಿಸುತ್ತದೆ. ಪಕ್ಕದ ಮನೆಯ ನಿವೃತ್ತ ಮೇಷ್ಟರು ಕ್ಯಾಟರ್‌ಬಿಲ್ಲಿನಿಂದ ಶುರು ಮಾಡಿದವರು. ಪಟ್ಟಣದ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಎನ್‌ಸಿಸಿ ಶಿಬಿರದಲ್ಲಿ ಮೊದಲ ಬಾರಿ ರೈಫಲ್ ಹಿಡಿದಾಗ ಕೈ ನಡುಗಿ, ಆಮೇಲೆ ನಡುಕ ನಿಂತದ್ದನ್ನು ಹೇಳಿದಳು. “ಉಸಿರು ಅರ್ಧ ಬಿಟ್ಟು ಹಿಡ್ಕೋಬೇಕು ಆಂಟಿ. ಆಗ ಲೋಕದಲ್ಲಿ ಆ ಕಪ್ಪು ಚುಕ್ಕೆ ಬಿಟ್ಟು ಬೇರೇನೂ ಇರೋದಿಲ್ಲ” ಎಂದಳು. ಎಲ್ಲರ ಮಾತಿನಲ್ಲೂ ಒಂದು ಸಮಾನ ಅಂಶವಿತ್ತು. ದೂರದಲ್ಲಿರುವ ಒಂದು ವಸ್ತುವನ್ನು ಇಲ್ಲಿಂದಲೇ ಮುಟ್ಟಿದ ಆ ಮೊದಲ ಕ್ಷಣವನ್ನು ಯಾರೂ ಮರೆತಿರಲಿಲ್ಲ.

ಹುಡುಗ ಎರಡನೆಯ ದಿನ ರಾತ್ರಿ ನನ್ನ ಪಕ್ಕ ಬಂದು ಮಲಗಿದ. ದೀಪ ಆರಿಸಿದ ಮೇಲೆ ಮೆಲ್ಲಗೆ ಕೇಳಿದ. “ಖಾಲಾ, ಆ ಹಕ್ಕಿಗೆ ತಲೆ ಮೇಲೆ ಕಪ್ಪು ಜುಟ್ಟು ಇತ್ತು. ಬಾಲದ ಕೆಳಗೆ ಕೆಂಪು. ಅದು ಯಾವ ಹಕ್ಕಿ? ತಿಂದರೆ ಹಲಾಲಾ?”

ಮನೆಯಲ್ಲಿ ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲವಂತೆ. ವರ್ಷಗಟ್ಟಲೆ ಬಚ್ಚಲುಮನೆ ಪಕ್ಕದಲ್ಲೇ ಇದ್ದ ಹಕ್ಕಿ! ಅದು ಪಿಕಳಾರ ಎಂದು ನಾನು ಹೇಳಿದೆ. ಅವನ ಪ್ರಶ್ನೆ ಕೇಳಿ ನನಗೆ ನೂರು ವರ್ಷಕ್ಕೂ ಹಿಂದಿನ ಇನ್ನೊಬ್ಬ ಹುಡುಗನ ನೆನಪಾಯಿತು. ಆ ಕಥೆಯನ್ನೇ ಹೇಳಿದೆ.

ಮುಂಬೈಯ ಖೇತವಾಡಿಯಲ್ಲಿ ಒಂದು ದೊಡ್ಡ ಮುಸ್ಲಿಮ್ ಕುಟುಂಬ. 1896ರಲ್ಲಿ ಹುಟ್ಟಿದ ಸಲೀಂ ಅಲಿ ಎಂಬ ಬಾಲಕ ಒಂದು ವರ್ಷದವನಿದ್ದಾಗ ತಂದೆಯನ್ನೂ ಮೂರನೆಯ ವಯಸ್ಸಿನಲ್ಲಿ ತಾಯಿಯನ್ನೂ ಕಳಕೊಂಡ. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಈ ಯತೀಮ್ ಮಗುವನ್ನೂ ಅವನ ಅಕ್ಕ-ಅಣ್ಣಂದಿರನ್ನೂ ಸಾಕಿದರು. ಬೇಟೆಯ ಶೋಕಿಯಿದ್ದ ಮಾಮು ಹುಡುಗನಿಗೆ ಒಂದು ಏರ್‌ಗನ್ ಕೊಡಿಸಿದರು. ಅವನು ಗುಬ್ಬಿ ಹೊಡೆಯುತ್ತಾ ತಿರುಗಿದ. ಒಂದು ದಿನ ಹೊಡೆದ ಗುಬ್ಬಿಯ ಗಂಟಲಿನಲ್ಲಿ ಹಳದಿ ಚುಕ್ಕೆಯಿತ್ತು. ಇಂಥದ್ದನ್ನು ಮುಸ್ಲಿಮರು ತಿನ್ನಬಹುದೇ ಎಂಬ ಅನುಮಾನದಿಂದ ಮಾಮುವಿಗೆ ತೋರಿಸಿದ. ಇದು ಯಾವ ಗುಬ್ಬಿ ಎಂದು ಮಾಮುವಿಗೂ ಹೇಳಲಾಗಲಿಲ್ಲ. ಅವರು ಗದರಿಸಲೂ ಇಲ್ಲ, ಎಸೆಯಲೂ ಹೇಳಲಿಲ್ಲ. ಒಂದು ಪರಿಚಯ ಪತ್ರ ಬರೆದುಕೊಟ್ಟು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷರ ಬಳಿ ಕಳಿಸಿದರು. ಸತ್ತ ಗುಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೆದರುತ್ತಾ ಹೋದ ಹುಡುಗನಿಗೆ ಆ ದೊಡ್ಡ ಮನುಷ್ಯ ಅದು ಹಳದಿ ಗಂಟಲಿನ ಗುಬ್ಬಿ ಎಂದು ತಿಳಿಸಿ, ಕಪಾಟುಗಳನ್ನು ತೆರೆದು ಸಾಲುಸಾಲು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಆ ಹುಡುಗನೇ ಮುಂದೆ ಭಾರತದ ಹಕ್ಕಿಗಳ ವಿಷಯದಲ್ಲಿ ಜಗತ್ತೇ ಗೌರವಿಸಿದ ಡಾ. ಸಲೀಂ ಅಲಿ. 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ. ಹಕ್ಕಿಗಳ ಹಿಂದೆ ಅಲೆಯುವ ಬದುಕಿಗೆ ಜೊತೆಯಾಗಿದ್ದ ಪತ್ನಿ ತೆಹ್ಮಿನಾ ತೀರಿಕೊಂಡದ್ದೂ ಆ 1939ರಲ್ಲೇ. 1976ರಲ್ಲಿ ಪದ್ಮವಿಭೂಷಣ ಬಂತು. 1985ರಲ್ಲಿ ಆತ್ಮಕಥೆ ಬರೆದಾಗ ಅದಕ್ಕೆ ಗುಬ್ಬಿಯೊಂದು ಬಿದ್ದ ಆ ಘಟನೆಯ ಹೆಸರನ್ನೇ ಇಟ್ಟರು. 1987ರಲ್ಲಿ ನಿಧನರಾದರು.

ಕಥೆಯನ್ನು ಚಂದ ಮಾಡಿ ಹೇಳಲು ಹೋಗಬಾರದು. ಅಂದಿನಿಂದ ಸಲೀಂ ಅಲಿ ಬಂದೂಕು ಬಿಟ್ಟುಬಿಟ್ಟರು ಎಂದರೆ ಸುಳ್ಳಾಗುತ್ತದೆ. ಆ ಕಾಲದಲ್ಲಿ ಹಕ್ಕಿಗಳ ಅಧ್ಯಯನ ಮಾಡುವವರು ಹೊಡೆದು, ಚರ್ಮ ಬಿಡಿಸಿ, ಒಣಗಿಸಿಟ್ಟೇ ಕಲಿಯುತ್ತಿದ್ದರು. ಅವರೂ ಹಾಗೇ ಕಲಿತರು. ಇಂದು ಹಾಗೆ ಮಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಪಿಕಳಾರವನ್ನಾಗಲಿ ಕೋತಿಯನ್ನಾಗಲಿ ಏರ್‌ಗನ್‌ನಿಂದ ಹೊಡೆದರೂ ಅದು ಅಪರಾಧವೇ. 2021ರ ಜುಲೈಯಲ್ಲಿ ನಮ್ಮ ಜಿಲ್ಲೆಯದೇ ಬೇಲೂರು ತಾಲೂಕಿನಲ್ಲಿ ಗೋಣಿಚೀಲಗಳಲ್ಲಿ ತುಂಬಿ ಬಿಸುಟ 38 ಕೋತಿಗಳ ಶವ ಸಿಕ್ಕಿದಾಗ ಹೈಕೋರ್ಟೇ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡದ್ದು ನೆನಪಿರಬಹುದು. ಅದೇ ವರ್ಷ ದೂರದ ಅರುಣಾಚಲ ಪ್ರದೇಶದಲ್ಲಿ ಸರಕಾರವು ಏರ್‌ಗನ್ ಒಪ್ಪಿಸುವ ಅಭಿಯಾನ ಆರಂಭಿಸಿತು. ಹಕ್ಕಿಗಳ ದನಿಯೇ ಕಡಿಮೆಯಾಗುತ್ತಿದ್ದ ಹಳ್ಳಿಗಳ ಜನ ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ತಾವಾಗಿ ತಂದು ಕೊಟ್ಟರು.

ಹುಡುಗ ಕಥೆಯನ್ನು ಪೂರಾ ಕೇಳಿದ. ಆಮೇಲೆ ಇನ್ನೊಂದು ವಿಷಯ ಹೊರಬಿತ್ತು. ಪಿಕಳಾರದ ಗೂಡು ಅದೇ ದಾಸವಾಳದ ಗಿಡದಲ್ಲಿತ್ತು. ಎರಡು ಮರಿಗಳಿದ್ದವು. ಇನ್ನೊಂದು ಹಕ್ಕಿ ಎರಡು ದಿನ ಕೂಗುತ್ತಾ ಬಂದು ಹೋಗಿ ಮಾಡಿ, ಆಮೇಲೆ ಬರಲಿಲ್ಲ. ಮರಿಗಳು ಸತ್ತವು. ಅವನು ಅವನ್ನು ಯಾರಿಗೂ ಹೇಳದೆ ತೆಂಗಿನ ಬುಡದಲ್ಲಿ ಮಣ್ಣು ಮಾಡಿದ್ದ. ಮುಖ ಊದಿಸಿಕೊಂಡದ್ದು ಬೈಗುಳಕ್ಕಲ್ಲ ಎಂದು ನನಗೆ ಆಗ ತಿಳಿಯಿತು. ಮರಿಗಳನ್ನು ಯಾರೋ ಎತ್ತಿಕೊಂಡಾಗ ರೆಕ್ಕೆ ಬಡಿಯುತ್ತಾ ಸುತ್ತುತ್ತಿದ್ದ ತಾಯಿಹಕ್ಕಿಯನ್ನು ಕಂಡು ಪ್ರವಾದಿವರ್ಯರು(ಸ) ನೊಂದು, ಮರಿಗಳನ್ನು ಅದಕ್ಕೆ ಮರಳಿಸಲು ಆಜ್ಞಾಪಿಸಿದ ಪ್ರಸಂಗ ಅಬೂದಾವೂದ್‌ನಲ್ಲಿದೆ. ಅದನ್ನು ಆ ರಾತ್ರಿ ನಾನು ಅವನಿಗೆ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ತಲೆ ಸವರಿ ಮಲಗಿಸಿದೆ.

ಬೆಳಿಗ್ಗೆ ಚಹಾ ಕುಡಿಯುವಾಗ ಮನೆಯಲ್ಲಿ ಪಂಚಾಯಿತಿ. ಬಂದೂಕನ್ನು ತಮ್ಮನಿಗೇ ಹಿಂದಕ್ಕೆ ಕಳಿಸುವುದೆಂದು ತಂಗಿ. ಇರಲಿ ಎಂದು ಭಾವ. ಹಾಸಿಗೆಯಲ್ಲಿದ್ದ ಅತ್ತೆ ಅಲ್ಲಿಂದಲೇ, “ಗುರಿ ಹೊಡೆಯೋದು ಕಲಿಯೋದು ಸುನ್ನತ್ ಅಲ್ವಾ?” ಎಂದು ಮೊಮ್ಮಗನ ಪರ ವಕಾಲತ್ತು ಹಾಕಿದರು. ಅವರ ಮಾತು ತಪ್ಪಲ್ಲ. ಬಿಲ್ಗಾರಿಕೆಯನ್ನು ಪ್ರವಾದಿವರ್ಯರು(ಸ) ಪ್ರೋತ್ಸಾಹಿಸಿದ್ದರು. ಶಕ್ತಿಯೆಂದರೆ ಗುರಿಯೆಸೆತವೆಂದು ತಿಳಿಸಿದ ಹದೀಸನ್ನು ಹ. ಉಕ್ಬಾ ಬಿನ್ ಆಮಿರ್(ರ) ವರದಿ ಮಾಡಿದ್ದಾರೆ. ಆದರೆ ಬೆರಳ ತುದಿಯಲ್ಲಿ ಸುಮ್ಮನೆ ಹರಳು ಸಿಡಿಸುವುದನ್ನು ಅವರು(ಸ) ತಡೆದಿದ್ದರು. ಅದರಿಂದ ಬೇಟೆಯೂ ಆಗದು, ಶತ್ರುವೂ ಸೋಲನು. ಹಲ್ಲು ಮುರಿಯುತ್ತದೆ, ಕಣ್ಣು ಹೋಗುತ್ತದೆ ಎಂಬುದು ಕಾರಣ. ಈ ಹದೀಸನ್ನು ಓದುವಾಗಲೆಲ್ಲ ನನಗೆ ಈಗ ಆ ಎರಡು ಬೆರಳು ಕಾಣುತ್ತವೆ. ಕಟ್ಟಿಹಾಕಿದ ಹಕ್ಕಿಯನ್ನು ಗುರಿಯಾಗಿಟ್ಟು ಬಾಣ ಬಿಡುತ್ತಿದ್ದ ಯುವಕರನ್ನು ಕಂಡು, ಜೀವವಿರುವುದನ್ನು ಗುರಿ ಮಾಡಿಕೊಳ್ಳುವವರನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ಹ. ಅಬ್ದುಲ್ಲಾ ಬಿನ್ ಉಮರ್(ರ) ಎಚ್ಚರಿಸಿದ್ದೂ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಕಲಿಯುವುದು ಒಂದು, ಸಿಕ್ಕಿದ್ದಕ್ಕೆ ಹೊಡೆಯುವುದು ಇನ್ನೊಂದು. ಅತ್ತೆಗೆ ಇಷ್ಟು ಹೇಳಿದೆ. “ಹಾಗಾದ್ರೆ ಕಾಗದಕ್ಕೆ ಹೊಡೀಲಿ” ಎಂದು ಅವರೇ ತೀರ್ಪು ಕೊಟ್ಟರು.

ಕಾಗದಕ್ಕೆ ಹೊಡೆಯುವುದೇ ನಿಜವಾದ ಏರ್‌ಗನ್ ಕ್ರೀಡೆ ಎಂದು ಆ ಎನ್‌ಸಿಸಿ ಹುಡುಗಿ ನಮಗೆ ವಿವರಿಸಿದಳು. ಏರ್ ರೈಫಲ್ ಒಲಿಂಪಿಕ್ಸ್‌ಗೆ ಸೇರಿದ್ದು 1984ರಲ್ಲಿ. ಹತ್ತು ಮೀಟರ್ ದೂರದಲ್ಲಿ ಒಂದು ಕಾರ್ಡು, ಅದರ ನಡುವೆ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಚಿಕ್ಕದು! 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ದೇಶಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು ಇದರಲ್ಲೇ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು. ಅದರಲ್ಲಿ ಒಂದು ಸರಬ್‌ಜೋತ್ ಸಿಂಗ್ ಜೊತೆಗೂಡಿ. ನಮ್ಮ ಹೆಣ್ಣುಮಕ್ಕಳಿಗೆ ಇದೆಲ್ಲ ಎಲ್ಲಿ ಎನ್ನುವವರಿಗೆ ಎರಡು ಹೆಸರು ಹೇಳುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕತಾರ್ ಮೊದಲ ಬಾರಿ ಮಹಿಳೆಯರನ್ನು ಕಳಿಸಿದಾಗ ದೇಶದ ಧ್ವಜ ಹಿಡಿದು ನಡೆದದ್ದು ಏರ್ ರೈಫಲ್ ಸ್ಪರ್ಧಿ ಬಾಹಿಯಾ ಅಲ್ ಹಮದ್. ಅದೇ ಸ್ಪರ್ಧೆಯಲ್ಲಿ ಮಲೇಶಿಯಾದ ನೂರ್ ಸುರ್ಯಾನಿ ತಾಯ್ಬಿ ಹಿಜಾಬ್ ಧರಿಸಿ, ಎಂಟು ತಿಂಗಳ ಗರ್ಭಿಣಿಯಾಗಿ ರೈಫಲ್ ಹಿಡಿದು ನಿಂತಿದ್ದರು. ಮಗು ಒಳಗಿನಿಂದ ಒದ್ದರೆ ಗುರಿ ತಪ್ಪುವುದಿಲ್ಲವೇ ಎಂದು ತಂಗಿ ಕೇಳಿದಳು. ನನಗೂ ಅದೇ ಪ್ರಶ್ನೆ ಬಂದಿತ್ತು.

ಕೊನೆಗೆ ಕೆಲವು ಕರಾರುಗಳಾದವು. ಬಂದೂಕು ಅಲಮಾರಿನೊಳಗೆ ಬೀಗದಲ್ಲಿ, ಗುಂಡಿನ ಡಬ್ಬಿ ಬೇರೆ ಕಡೆ, ಎರಡರ ಕೀಲಿಯೂ ತಂಗಿಯ ಸೆರಗಿನಲ್ಲಿ. ಭಾವ ಪಕ್ಕದಲ್ಲಿ ಇದ್ದರೆ ಮಾತ್ರ, ಭಾನುವಾರ ಮಾತ್ರ. ಕಲ್ಲುಗೋಡೆಯ ಬದಲು ಮರಳು ತುಂಬಿದ ಗೋಣಿಚೀಲಗಳ ಹಿನ್ನೆಲೆ. ಎಲ್ಲರಿಗೂ ಕಣ್ಣಿಗೆ ದಪ್ಪ ಕನ್ನಡಕ. ಖಾಲಿಯಿದ್ದರೂ ತುಂಬಿದೆ ಎಂದೇ ತಿಳಿದು ನಳಿಗೆಯನ್ನು ಯಾರ ಕಡೆಗೂ ತಿರುಗಿಸಬಾರದು. ತಮಾಷೆಗೂ ಸಹೋದರನ ಕಡೆ ಆಯುಧ ತೋರಬಾರದೆಂದು ನಮಗೆ ಮೊದಲೇ ಕಲಿಸಲಾಗಿದೆ. ಗುಂಡು ಸೀಸದ್ದಾದ್ದರಿಂದ ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ. ಕೋತಿಗಳಿಗೆ ಮತ್ತೆ ಹಳೆಯ ತಗಡಿನ ಡಬ್ಬವೇ ಗತಿ. ಅವು ಅದಕ್ಕೂ ಹೆಚ್ಚು ಹೆದರುವುದಿಲ್ಲ, ಅದು ಬೇರೆ ಮಾತು.

ನಾನು ಊರಿಗೆ ಮರಳಿದ ಮೇಲೆ ಹುಡುಗನಿಗೆ ಒಂದು ಹಕ್ಕಿಗಳ ಪುಸ್ತಕ, ಒಂದು ನೋಟ್‌ಬುಕ್ ಕಳಿಸಿದೆ. ಮೂರು ತಿಂಗಳ ಬಳಿಕ ಮತ್ತೆ ಹೋದಾಗ ನೋಟ್‌ಬುಕ್ಕಿನಲ್ಲಿ ಇಪ್ಪತ್ತಾರು ಹೆಸರುಗಳಿದ್ದವು. ಎರಡಕ್ಕೆ ಪ್ರಶ್ನಾರ್ಥಕ ಚಿಹ್ನೆ. ದಾಸವಾಳದ ಗಿಡದಲ್ಲಿ ಹೊಸ ಗೂಡು ಇನ್ನೂ ಬಂದಿರಲಿಲ್ಲ. ಅವನು ದಿನಾ ನೋಡುತ್ತಾನಂತೆ.

ಗೋಣಿಚೀಲಗಳ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೈವಾರದಿಂದ ಬರೆದ ವೃತ್ತಗಳು. ಸುತ್ತಲೂ ತೂತುಗಳು. ನಡುವಿನ ಚುಕ್ಕೆಗೆ ತೀರಾ ಹತ್ತಿರ ಒಂದೇ ಒಂದು. “ಶಾಭಾಷ್!” ಎಂದು ಹುಡುಗನ ಬೆನ್ನು ತಟ್ಟಿದೆ. ಅವನು ನಾಚಿಕೊಂಡು ಅಡುಗೆಮನೆಯ ಕಡೆ ನೋಡಿದ.

“ಅದು ಅಮ್ಮಿದು ಖಾಲಾ.”

ತಂಗಿ ಒಳಗಿನಿಂದ, “ಅನ್ನಕ್ಕೆ ಇಟ್ಟಿದ್ದೀನಿ, ಈಗ ಬಂದೆ” ಎಂದು ಕೂಗಿದಳು.