162 ಕಿಲೋಮೀಟರಿಗೆ ನಿಂತ ರೈಲು

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಿಂದ ಲಾರಿ ಹತ್ತಿ, ಘಾಟಿ ಇಳಿದು ಮಂಗಳೂರು ಬಂದರು ಸೇರುವ ಕಾಫಿಯಲ್ಲಿ ಒಂದಷ್ಟು ಪಾಲು ರಷ್ಯಕ್ಕೆ ಹೋಗುತ್ತದೆ. ಸೋವಿಯತ್ ಒಕ್ಕೂಟ ಇದ್ದ ಕಾಲದಿಂದಲೂ ಇರುವ ವ್ಯಾಪಾರ ಇದು. ದಾರಿ ಮಾತ್ರ ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ: ಅರಬ್ಬೀ ಸಮುದ್ರ, ಕೆಂಪು ಸಮುದ್ರ, ಸೂಯೆಜ್ ಕಾಲುವೆ, ಅದರಾಚೆ ಮತ್ತೆ ಸಮುದ್ರ.

2021ರ ಮಾರ್ಚಿಯಲ್ಲಿ ಒಂದೇ ಒಂದು ಹಡಗು ಸೂಯೆಜಿನಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ಇಡೀ ಲೋಕದ ಸರಕು ನಿಂತಿತು. 2023ರ ಕೊನೆಯಲ್ಲಿ ಯೆಮೆನ್‌ನ ಹೌತಿಗಳು ಹಡಗುಗಳ ಮೇಲೆ ಕ್ಷಿಪಣಿ ಬಿಡಲು ಶುರು ಮಾಡಿದಾಗ ಹಡಗುಗಳು ಆಫ್ರಿಕಾವನ್ನೇ ಸುತ್ತಿ ಹೋದವು. ಕಂಟೇನರ್ ಬಾಡಿಗೆ ಗಗನಕ್ಕೇರಿತು.

ಹಾಗಾದರೆ ಹತ್ತಿರದ ದಾರಿ ಇಲ್ಲವೇ? ಕಾಗದದ ಮೇಲೆ ಇದೆ, ಅದೂ 2000ನೇ ಇಸವಿಯಿಂದ. ಆ ವರ್ಷ ಸೆಪ್ಟೆಂಬರಿನಲ್ಲಿ ಭಾರತ, ಇರಾನ್, ರಷ್ಯ ಸೇರಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಉತ್ತರ-ದಕ್ಷಿಣ ಸಾರಿಗೆ ಮಾರ್ಗಕ್ಕೆ ರುಜು ಹಾಕಿದವು. ಮುಂಬೈಯಿಂದ ಇರಾನಿನ ಬಂದರ್ ಅಬ್ಬಾಸ್‌ಗೆ ಹಡಗು. ಅಲ್ಲಿಂದ ರೈಲು ಹತ್ತಿದರೆ ಕ್ಯಾಸ್ಪಿಯನ್ ಸಮುದ್ರದ ದಂಡೆ ಹಿಡಿದು ಅಜರ್‌ಬೈಜಾನ್ ಮೇಲೆ ಮಾಸ್ಕೋ. ಒಟ್ಟು ಸುಮಾರು 7,200 ಕಿ.ಮೀ.

ಎಡವಟ್ಟಾಗಿರೋದು ಇರಾನಿನ ರಶ್ತ್ ಪಟ್ಟಣದಲ್ಲಿ. ಅಲ್ಲಿಂದ ಗಡಿಯ ಅಸ್ತಾರಾಗೆ 162 ಕಿ.ಮೀ., ಹೆಚ್ಚುಕಡಿಮೆ ಚಿಕ್ಕಮಗಳೂರಿನಿಂದ ಮಂಗಳೂರಿಗೆ ಇರುವಷ್ಟು ದೂರ. ಇಷ್ಟಕ್ಕೆ ಮಾತ್ರ ಹಳಿ ಇಲ್ಲ. ಕಜ್ವೀನಿನಿಂದ ರಶ್ತ್‌ವರೆಗೆ 2019ರಲ್ಲಿ ರೈಲು ಬಂತು. ಗಡಿಯಾಚೆಯಿಂದ ಅಸ್ತಾರಾಗೆ 2018ರಲ್ಲೇ ಬಂದಿತ್ತು. ನಡುವೆ ಮಾಲು ಇಳಿಸು, ಲಾರಿಗೆ ಹಾಕು, ಮತ್ತೆ ವ್ಯಾಗನ್ನಿಗೆ ತುಂಬು.

ಮೊದಲು ದುಡ್ಡಿರಲಿಲ್ಲ. ಅಜರ್‌ಬೈಜಾನ್ ಸಾಲ ಕೊಡುವ ಮಾತಾಗಿತ್ತು. 2018ರಲ್ಲಿ ಅಮೆರಿಕ ಇರಾನಿನ ಮೇಲೆ ಮತ್ತೆ ದಿಗ್ಬಂಧನ ಹಾಕಿದ ಮೇಲೆ ಆ ಮಾತು ಹಾಗೇ ಕರಗಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಯುರೋಪಿನ ಬಾಗಿಲುಗಳು ಮುಚ್ಚಿದಾಗ ರಷ್ಯಕ್ಕೆ ದಕ್ಷಿಣದ ದಾರಿ ನೆನಪಾಯಿತು. 2023ರ ಮೇ 17ರಂದು ಒಪ್ಪಂದ: ಅಂದಾಜು ಖರ್ಚು 160 ಕೋಟಿ ಯೂರೋ, ಅದರಲ್ಲಿ 130 ಕೋಟಿ ರಷ್ಯದ ಸಾಲ. ಗರಜು ಬಿದ್ದಾಗ ಕೈ ಬಿಚ್ಚುವುದು ಪೇಟೆಯಲ್ಲೂ ಉಂಟಲ್ಲ!

ದುಡ್ಡು ಸಿಕ್ಕಿತು, ಜಾಗ ಸಿಗಲಿಲ್ಲ. ರಶ್ತ್ ಇರುವ ಗಿಲಾನ್ ಪ್ರಾಂತ ಭತ್ತದ ಸೀಮೆ. ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಇರುವ ಪಟ್ಟಿಯಲ್ಲಿ ಊರು, ಗದ್ದೆ ಒತ್ತೊತ್ತಾಗಿವೆ. ಜಮೀನು ಬಿಡಿಸಿಕೊಡುವ ಹೊಣೆ ಇರಾನ್ ಸರಕಾರದ್ದು. 2025 ಮುಗಿಯುವಾಗಲೂ ಅದು ಪೂರ್ತಿ ಆಗಿರಲಿಲ್ಲ. ಕಡೂರಿನಿಂದ ಚಿಕ್ಕಮಗಳೂರಿಗೆ 46 ಕಿ.ಮೀ. ರೈಲು ಬರಲು 2013ರ ತನಕ ಕಾದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳಿ ಬಿದ್ದರೂ ಇನ್ನೊಂದು ತಾಪತ್ರಯ. ಇರಾನಿನ ಹಳಿಯ ಅಗಲ 1,435 ಮಿ.ಮೀ., ಅಜರ್‌ಬೈಜಾನ್, ರಷ್ಯದ್ದು 1,520. ವ್ಯತ್ಯಾಸ ಮೂರೂವರೆ ಇಂಚೂ ಇಲ್ಲ, ಆದರೂ ಗಡಿಯಲ್ಲಿ ಕಂಟೇನರ್ ಎತ್ತಿ ಬೇರೆ ವ್ಯಾಗನ್ನಿಗೆ ಇಡಬೇಕು, ಇಲ್ಲಾ ಗಾಲಿ ಬದಲಿಸಬೇಕು. ಮೀಟರ್ ಗೇಜ್ ಕಾಲದಲ್ಲಿ ಮೀರಜಿನಲ್ಲಿ ಇಳಿದು, ಮುಂಬೈ ರೈಲಿಗೆ ಗಂಟುಮೂಟೆ ಹೊತ್ತು ಓಡಿದವರು ಇನ್ನೂ ಇದ್ದಾರೆ, ಅವರನ್ನು ಕೇಳಿ.

ಹಣಕಾಸಿನ ಗಂಟು ಬೇರೆ. ಇರಾನ್ ಹೆಸರು ಬಂದರೆ ಸಾಕು, ಅಮೆರಿಕಕ್ಕೆ ಹೆದರಿ ಬ್ಯಾಂಕಿನವರು ಫೈಲು ಮುಚ್ಚುತ್ತಾರೆ. 2025ರ ಜೂನಿನಲ್ಲಿ ಇಸ್ರೇಲ್ ಜತೆ 12 ದಿನದ ಯುದ್ಧವೂ ನಡೆದುಹೋಯಿತು. ಕಾಫಿ ರಫ್ತು ಮಾಡುವವರ ಮೊದಲ ಪ್ರಶ್ನೆ: ಮಾಲು ನಡುದಾರಿಯಲ್ಲಿ ಸಿಕ್ಕಿಕೊಂಡರೆ ವಿಮೆಯವರು ದುಡ್ಡು ಕೊಡ್ತಾರಾ? ಮೂರು ದೇಶಗಳು ಹಾಕಿದ ರುಜುವಿನಲ್ಲಿ ಇದಕ್ಕೆ ಉತ್ತರ ಇಲ್ಲ.