ಕಾರಣ ಕೇಳಿದ ಕಾಗದ

ಕಳೆದ ಮಾಸದ ಒಂದು ಸಾಯಂಕಾಲ ಬಂಗೂರನಗರದ ನಮ್ಮ ಜಗುಲಿಗೆ ತಾಯಿಯೊಬ್ಬಳು ಮಗನನ್ನು ಕರೆದುಕೊಂಡು ಬಂದಳು. ಮಗನು ನಮ್ಮಲ್ಲಿ ಓದಿದವನು. ಸಾಲದಲ್ಲಿ ಕೊಂಡ ಕಾರಿನಲ್ಲಿ ಪ್ರವಾಸಿಗಳನ್ನು ಗಣೇಶಗುಡಿಗೆ ಕರೆದೊಯ್ದು ಜೀವಿಸುವವನು. "ಮಾಸ್ತರ್ರೇ, ಲೈಸೆನ್ಸು ಹೋದರೆ ನಮ್ಮ ಒಲೆ ಉರಿಯುವುದಿಲ್ಲ" ಎಂದು ಆಕೆಯು ಕಾಗದವೊಂದನ್ನು ಮುಂದಿಟ್ಟಳು. ಕುಡಿದು ವಾಹನ ನಡೆಸಿದುದಕ್ಕಾಗಿ ಪರವಾನಗಿಯನ್ನು ಏಕೆ ಅಮಾನತ್ತಿನಲ್ಲಿಡಬಾರದು, ಕಾರಣ ತಿಳಿಸತಕ್ಕದ್ದು ಎಂಬ ನೋಟೀಸು ಅದು.

"ಕುಡಿದಿದ್ದೆಯೇನಪ್ಪಾ?" ಎಂದೆವು.

"ಸ್ವಲ್ಪ, ಮಾಸ್ತರ್ರೇ. ಮದುವೆಯ ಮನೆ."

ಈ 'ಸ್ವಲ್ಪ'ಕ್ಕೆ ವ್ಯಾಕರಣದಲ್ಲಿ ಅಳತೆಯಿಲ್ಲ, ಕಾನೂನಿನಲ್ಲಿ ಉಂಟು. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗೆ ಮೀರಿದ ಮದ್ಯಸಾರವಿದ್ದರೆ ಅಪರಾಧವು. ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ 2019ರ ತಿದ್ದುಪಡಿ ಏರಿಸಿದ 10,000 ರೂಪಾಯಿ ದಂಡ, ಇಲ್ಲವೆ ಎರಡೂ.

"ಕೋರ್ಟಿನಲ್ಲಿ ಒಪ್ಪಿಕೊಂಡು ದಂಡ ತೆತ್ತುಬಿಡು, ಎಲ್ಲವೂ ಮುಗಿಯುವುದು" ಎಂದು ಗೆಳೆಯರು ಇವನಿಗೆ ಬೋಧಿಸಿದ್ದರು. ಇದು ಅರೆಬೆಂದ ವಿದ್ಯೆ. ಅಪರಾಧ ಸ್ಥಾಪಿತವಾದರೆ, 20ನೆಯ ಕಲಮಿನಂತೆ ನ್ಯಾಯಾಲಯವು ಆರು ತಿಂಗಳಿಗೆ ಕಡಮೆಯಿಲ್ಲದಂತೆ ಚಾಲಕನನ್ನು ಅನರ್ಹಗೊಳಿಸಲೇಬೇಕು. ಪರವಾನಗಿ ಕೊಟ್ಟ ಅಧಿಕಾರಿಯ ವಿಚಾರಣೆ ಬೇರೆ. ಅದು 19ನೆಯ ಕಲಮಿನದು. ಅಲ್ಲಿ ಚಾಲಕನ ಮಾತನ್ನು ಕೇಳಿ, ಕಾರಣಗಳನ್ನು ಬರೆದಿಟ್ಟೇ ಆಜ್ಞೆ ಮಾಡಬೇಕು. ಆಜ್ಞೆ ಕೈಸೇರಿದ 30 ದಿವಸಗಳೊಳಗೆ ನಿಯಮಿತ ಮೇಲಧಿಕಾರಿಗೆ ಅಪೀಲು ಮಾಡಬಹುದು. ಅಂಥ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಆ ದಿವಸಗಳನ್ನು ಕಳೆಯುವ ಮನೆಗಳನ್ನು ನಾವು ಬಹಳ ಕಂಡಿದ್ದೇವೆ.

ವಾದಿಸಲು ಎಡೆಯಿಲ್ಲವೆಂದಲ್ಲ. ಬಾಯಿಯ ವಾಸನೆ, ತೂರಾಡುವ ನಡಿಗೆ, ಅರಳಿದ ಕಣ್ಣಾಲಿ ಇಷ್ಟರಿಂದಲೇ ಕುಡಿದನೆಂದು ನಿಶ್ಚಯಿಸಲಾಗದೆಂದು 1971ರಲ್ಲಿ ಬಚ್ಚೂಭಾಯಿ ಕರ್ಯಾಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿ ರಕ್ತ ಮೂತ್ರಗಳ ಪರೀಕ್ಷೆ ನಡೆದಿರಲಿಲ್ಲ. ಆದರೆ 2021ರಲ್ಲಿ ವಿಮೆಯ ವ್ಯಾಜ್ಯವೊಂದರಲ್ಲಿ ಅದೇ ನ್ಯಾಯಾಲಯವು, ಪರೀಕ್ಷೆಯಿಲ್ಲದಿದ್ದರೂ ಬೇರೆ ಸಂಗತಿಗಳಿಂದ ಪಾನವನ್ನು ಸಾಧಿಸಬಹುದೆಂದಿತು. ನಮ್ಮ ಶಿಷ್ಯನಿಗೋ ಈ ಬಾಗಿಲೇ ಇಲ್ಲ. ಉಸಿರು ಅಳೆದ ಯಂತ್ರದ ಚೀಟಿಯಲ್ಲಿ ಅಂಕಿ ಮಿತಿಗೆ ಮೀರಿತ್ತು.

"ಕೆಮ್ಮಿನ ಔಷಧ ಕುಡಿದಿದ್ದೆನೆಂದು ಬರೆದುಕೊಡಿ" ಎಂದನು. ತಾಯಿಯೂ ತಲೆಯಾಡಿಸಿದಳು. ನಮಗೆ ಕೋಪಕ್ಕಿಂತ ವ್ಯಸನವೇ ಹೆಚ್ಚಾಯಿತು. ಆದಿಪರ್ವದ ಶುಕ್ರಾಚಾರ್ಯನು ಸುರೆಯೊಡನೆ ಕಚನ ಬೂದಿಯನ್ನೇ ಕುಡಿದನಷ್ಟೆ. ಎಚ್ಚರವಾದ ಮೇಲೆ ಸುರೆಗೆ ಶಾಪವಿತ್ತನೇ ಹೊರತು ಕಷಾಯವೆಂದು ಹೇಳಲಿಲ್ಲ. ಸುಳ್ಳು ಬರೆಯಲಾರೆವೆಂದೆವು. ಬರೆದುದಿಷ್ಟು: ಕುಡಿದದ್ದು ನಿಜ, ಹಿಂದೆ ಇಂಥ ದೂರು ಬಂದಿಲ್ಲ, ಯಾರಿಗೂ ಪೆಟ್ಟಾಗಿಲ್ಲ, ಮನೆಗೆ ಬೇರೆ ಸಂಪಾದನೆಯಿಲ್ಲ, ಅವಧಿಯನ್ನು ಕಡಮೆ ಮಾಡಬೇಕು. ಆದರೆ ಈ ಒಪ್ಪಿಗೆ ಕೋರ್ಟಿನ ಪ್ರಕರಣಕ್ಕೂ ತಾಗೀತು. ಆದಕಾರಣ ವಕೀಲರಿಗೆ ತೋರಿಸದೆ ಸಲ್ಲಿಸಬೇಡವೆಂದೂ ಹೇಳಿದೆವು.

"ಆಜ್ಞೆ ಬಂದರೂ ರಾತ್ರಿಯ ಬಾಡಿಗೆ ಹೊಡೆದರೆ ಯಾರಿಗೆ ತಿಳಿದೀತು?" ಎಂದು ಏಳುವಾಗ ಗೊಣಗಿದನು. ಅನರ್ಹನಾದವನು ವಾಹನ ನಡೆಸಿದರೆ ಮೂರು ತಿಂಗಳವರೆಗಿನ ಸೆರೆ ಇಲ್ಲವೆ 10,000 ರೂಪಾಯಿ ದಂಡ, ಎರಡೂ ಆಗಬಹುದು ಎಂದು 182ನೆಯ ಕಲಮನ್ನು ಓದಿ ಹೇಳಿದೆವು. ತಾಯಿ ಏನೂ ಆಡಲಿಲ್ಲ. ಮಗನ ಕಿಸೆಯಿಂದ ಕಾರಿನ ಕೀಲಿಕೈ ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. ವಿಚಾರಣೆ ಮುಂದಿನ ಗುರುವಾರ. ಇಬ್ಬರೂ ಬಸ್ಸಿನಲ್ಲಿ ಹೋಗುವರಂತೆ.