‘ಜನಕ್ಕೆ ಬೇಕಾಗಿರೋದೇ ಅದು’ ಎಂಬ ಸುಳ್ಳು

ಹರಿಹರದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವ ಗೆಳೆಯನೊಬ್ಬನಿದ್ದಾನೆ. ‘ರಾಜಕಾರಣಿಗಳು ಬೈದಾಡೋದು ಬಿಟ್ಟು ಬೇರೇನೂ ಹಾಕಲ್ವೇನೋ?’ ಎಂದು ಕೇಳಿದೆ. ‘ಜನಕ್ಕೆ ಬೇಕಾಗಿರೋದೇ ಅದು. ಭದ್ರಾ ನಾಲೆ ಅಂತ ಹಾಕಿದ್ರೆ ನಮ್ಮನೆಯವ್ರೂ ನೋಡಲ್ಲ’ ಎಂದ. ಸೆಮಿನಾರುಗಳಲ್ಲಿ ಕೂತು ನಾವು ಹೇಳುವುದೂ ಇದನ್ನೇ. ಅವನು ವ್ಯೂಸ್ ಲೆಕ್ಕ ತೋರಿಸುತ್ತಾನೆ, ನಾವು ಜನರ ಅಭಿರುಚಿ ಕೆಟ್ಟಿತೆಂದು ಮರುಗುತ್ತೇವೆ. ಎರಡೂ ಸುಳ್ಳು.

ಮೊದಲು ಆ ಲೆಕ್ಕವನ್ನೇ ನೋಡೋಣ. ಜನ ವಿಡಿಯೋವನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆಂಬ ತನ್ನ ಅಂಕಿ ಉಬ್ಬಿತ್ತೆಂದು 2016ರಲ್ಲಿ ಫೇಸ್‌ಬುಕ್ ಒಪ್ಪಿಕೊಂಡಿತು. 3 ಸೆಕೆಂಡೂ ನೋಡದೆ ಹೋದವರನ್ನು ಅದು ಲೆಕ್ಕಕ್ಕೇ ಹಿಡಿದಿರಲಿಲ್ಲ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಶುರುವಾದರೆ ಸಾಕು, ಒಂದು ವ್ಯೂ. ಮರಳಿ ಸುತ್ತಿದರೆ ಇನ್ನೊಂದು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಜಗಳಕ್ಕೆ ಬಿದ್ದರೆ ಅಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಹಾಗಂತ ಅವರು ಜಗಳ ನೋಡಲೆಂದೇ ಬಸ್ ಸ್ಟ್ಯಾಂಡಿಗೆ ಬಂದಿದ್ದರು ಅನ್ನಲಾದೀತೆ?

ಇನ್ನು, ಹೆಚ್ಚು ಓಡಿದ ವಿಡಿಯೋಗಳಲ್ಲಿ ಇದ್ದದ್ದೇನು? 2020ರ ಜನವರಿ 14ರಂದು ಹರಿಹರದ ಹರ ಜಾತ್ರೆ. ಮುರುಗೇಶ ನಿರಾಣಿಯವರನ್ನು ಮಂತ್ರಿ ಮಾಡದಿದ್ದರೆ ಪಂಚಮಸಾಲಿ ಸಮಾಜ ನಿಮ್ಮ ಕೈಬಿಡುತ್ತದೆ ಎಂಬರ್ಥದಲ್ಲಿ ವಚನಾನಂದ ಸ್ವಾಮೀಜಿ ವೇದಿಕೆಯಲ್ಲೇ ಮಾತಾಡಿದರು. ಮುಖ್ಯಮಂತ್ರಿ ಯಡಿಯೂರಪ್ಪ ಸಿಟ್ಟಿನಿಂದ ಎದ್ದು ನಿಂತರು, ಹೀಗೆ ಮಾತಾಡಿದರೆ ಹೊರಟುಹೋಗುತ್ತೇನೆಂದರು. ಆ ತುಣುಕು ದೇಶವನ್ನೆಲ್ಲ ಸುತ್ತಿತು. ಹಾಸ್ಟೆಲಿನಲ್ಲಿ ನಾವೂ ಮತ್ತೆ ಮತ್ತೆ ಹಾಕಿಕೊಂಡು ನಕ್ಕೆವು. ಒಂದು ಸಮಾಜದ ಮತಗಳನ್ನು ಮಂತ್ರಿಗಿರಿಯ ಎದುರು ತಕ್ಕಡಿಗಿಡುವ ಹಕ್ಕನ್ನು ಮಠಕ್ಕೆ ಕೊಟ್ಟವರು ಯಾರು, ಆ ಮತದಾರರನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆ ಆ ತುಣುಕಿನೊಳಗೇ ಇತ್ತು. ನಮಗೆ ಕಂಡದ್ದು ಸಿಟ್ಟು ಮಾತ್ರ.

ಇನ್ನೊಂದು ದಾವಣಗೆರೆಯದು. 2024ರ ಲೋಕಸಭಾ ಚುನಾವಣೆ. ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ, ಕಾಂಗ್ರೆಸ್ಸಿನಿಂದ ಪ್ರಭಾ ಮಲ್ಲಿಕಾರ್ಜುನ. ಇಬ್ಬರಲ್ಲಿ ಯಾರು ಗೆದ್ದರೂ ಕ್ಷೇತ್ರಕ್ಕೆ ಮೊದಲ ಮಹಿಳಾ ಸಂಸದೆ. ಅಂಥ ಚುನಾವಣೆಯಲ್ಲಿ ಓಡಿದ ತುಣುಕು ಯಾವುದು? ಎದುರಾಳಿ ಅಭ್ಯರ್ಥಿ ಅಡುಗೆ ಮನೆಗಷ್ಟೇ ಲಾಯಕ್ಕು ಎಂಬರ್ಥದ ಶಾಮನೂರು ಶಿವಶಂಕರಪ್ಪನವರ ಮಾತು. ಅದು ಖಂಡನೀಯ, ಖಂಡಿಸಿದ್ದೂ ಆಯಿತು. ಆದರೆ ನನ್ನ ಫೋನಿಗೆ ಅದನ್ನು ಕಳಿಸಿದವರಲ್ಲಿ ಆ ಮಾತನ್ನು ಒಪ್ಪುವವರು ಒಬ್ಬರೂ ಇರಲಿಲ್ಲ. ‘ಥೂ’ ಎಂದು ಬರೆದು ಕಳಿಸಿದವರೇ ಎಲ್ಲ. ನಾನೂ ಹಾಗೇ ಮುಂದಕ್ಕೆ ಕಳಿಸಿದೆ. ನಮ್ಮ ‘ಥೂ’ಗೂ ಅವರ ಚಪ್ಪಾಳೆಗೂ ಯಂತ್ರ ಹಾಕಿದ್ದು ಒಂದೇ ಲೆಕ್ಕ. ಇದೇ ಕ್ಷೇತ್ರದಲ್ಲಿ 2004, 2009, 2014ರಲ್ಲಿ ಜಿ.ಎಂ. ಸಿದ್ದೇಶ್ವರ ಮತ್ತು ಎಸ್.ಎಸ್. ಮಲ್ಲಿಕಾರ್ಜುನ ಎದುರಾಳಿಗಳು, 2024ರಲ್ಲಿ ಅವರ ಪತ್ನಿಯರು. ಎರಡು ಮನೆಗಳ ಹೊಸ್ತಿಲು ದಾಟಿ ಟಿಕೆಟ್ ಏಕೆ ಹೊರಬರುವುದಿಲ್ಲ ಎಂದು ಕೇಳಿದ ವಿಡಿಯೋ ಯಾವುದನ್ನೂ ನಾನು ಯಾರಿಗೂ ಕಳಿಸಲಿಲ್ಲ.

ಈಗ ಗೆಳೆಯನ ನಾಲೆಗೆ ಬರುತ್ತೇನೆ. ನಮ್ಮ ಗದ್ದೆ ಇರುವುದು ಭದ್ರಾ ಅಚ್ಚುಕಟ್ಟಿನ ಕೊನೇ ಭಾಗದಲ್ಲಿ. 2023ರ ಬರದ ವರ್ಷ, ಸೆಪ್ಟೆಂಬರಿನಲ್ಲಿ ನಾಲೆ ನೀರಿಗಾಗಿ ರೈತರು ದಾವಣಗೆರೆಯಲ್ಲಿ ಬೀದಿಗಿಳಿದರು. ಅಪ್ಪ ಫೋನ್ ಮಾಡಿ, ‘ನೀರು ಬಿಡ್ತಾರಂತೇನಪ್ಪ? ಎಷ್ಟು ದಿನ ಅಂತೆ?’ ಎಂದು ಕೇಳಿದರು. ಹುಡುಕಿದೆ. ಘೋಷಣೆ ಸಿಕ್ಕಿತು, ಟೈರ್ ಸುಟ್ಟದ್ದು ಸಿಕ್ಕಿತು, ಪೊಲೀಸರೊಂದಿಗಿನ ವಾಗ್ವಾದ ಸಿಕ್ಕಿತು. ಯಾವ ತಾರೀಕಿನಿಂದ, ಎಷ್ಟು ದಿನ, ಕೊನೇ ತೂಬಿಗೆ ಯಾವಾಗ ಎಂಬುದು ಯಾವ ವಿಡಿಯೋದಲ್ಲೂ ಸಿಗಲಿಲ್ಲ. ಅಪ್ಪನಿಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ಯಾರೂ ಮಾಡಿರಲಿಲ್ಲ. ಮಾಡದೇ ಇದ್ದದ್ದನ್ನು ‘ಯಾರೂ ನೋಡಲ್ಲ’ ಅನ್ನುವುದು ಯಾವ ನ್ಯಾಯ? ಅಂಗಡಿಯಲ್ಲಿ ಜೋಳ ಇಡದೆ, ಊರಿನವರು ಜೋಳ ತಿನ್ನುವುದನ್ನೇ ಬಿಟ್ಟರು ಅಂದಂತಾಯಿತು.

‘ಜನಕ್ಕೆ ಬೇಕು’ ಅನ್ನುವ ಮಾತು ಎಲ್ಲರಿಗೂ ಅನುಕೂಲ. ಮೈಕ್ ಹಿಡಿದವರು ಕೇಳಬೇಕಾದ್ದನ್ನು ಕೇಳದೆ ಉಳಿಯಬಹುದು, ರಾಜಕಾರಣಿ ಬೈದೇ ಸುದ್ದಿಯಲ್ಲಿರಬಹುದು, ಕಂಪನಿ ಜಾಹೀರಾತು ಮಾರಬಹುದು. ನಮ್ಮಂಥ ಓದಿದವರು ನೋಡುವುದನ್ನೂ ನೋಡಿ ಆಮೇಲೆ ಜನರನ್ನು ದೂರಬಹುದು. ಈ ನಾಲ್ವರಲ್ಲಿ ನಾಚಿಕೆಪಡಬೇಕಾದವರು ಮೊದಲು ನಾವು. ಹರಿಹರದ ಆ ತುಣುಕು ನನಗೆ ಈಗಲೂ ಬಾಯಿಪಾಠ. ನಮ್ಮೂರಿನ ಕೊನೇ ತೂಬಿಗೆ ಆ ವರ್ಷ ಎಷ್ಟು ದಿನ ನೀರು ಬಂತೆಂದು ಕೇಳಿದರೆ ಅಪ್ಪನಿಗೇ ಫೋನ್ ಮಾಡಬೇಕು.